ತೋಟದ ಮನೆಗೆ ನೆಟ್‌ವರ್ಕ್: ತಾಮ್ರದ ಕೇಬಲ್ ಹಾಕಿಸಲಾ, ಫೈಬರ್ ಹಾಕಿಸಲಾ?

ಸುಂಟಿಕೊಪ್ಪ_ತೋಟ:

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಹಳೇ ತೋಟದ ಮನೆ ರಿಪೇರಿ ನಡೆಯುತ್ತಿದೆ. ಕರೆಂಟ್ ವೈರಿಂಗ್ ಪೂರ್ತಿ ಹೊಸದು. ಇದೇ ಹೊತ್ತಲ್ಲಿ ನೆಟ್‌ವರ್ಕ್ ಕೇಬಲ್ಲನ್ನೂ ಎಳೆಸಿಬಿಡೋಣ ಅಂತಿದ್ದೇನೆ. ಗಾರೆ ಬಿದ್ದ ಮೇಲೆ ಮತ್ತೆ ಗೋಡೆ ಒಡೆಯೋಕೆ ಅಮ್ಮ ಬಿಡಲ್ಲ.

ಜಾಗ ಹೀಗಿದೆ. ದೊಡ್ಡ ಮನೆ ಒಂದು, ಮಣ್ಣಿನ ದಪ್ಪ ಗೋಡೆ, ವೈಫೈ ಒಂದು ರೂಮಿನಿಂದ ಇನ್ನೊಂದಕ್ಕೆ ಸರಿಯಾಗಿ ದಾಟುವುದಿಲ್ಲ. ಅಲ್ಲಿಂದ ಸುಮಾರು 70 ಮೀಟರ್ ದೂರದಲ್ಲಿ ಹೋಂಸ್ಟೇ ಕಾಟೇಜ್. ಇನ್ನೊಂದು ದಿಕ್ಕಿನಲ್ಲಿ 160 ಮೀಟರ್ ಆಚೆ ಕಾಫಿ ಕಣ, ಅದರ ಪಕ್ಕ ಗೋದಾಮು. ಗೋದಾಮಿಗೆ ಕ್ಯಾಮೆರಾ ಬೇಕೇ ಬೇಕು. ಈಗಿನ ಕಾಫಿ ರೇಟಿಗೆ ಒಂದು ಮೂಟೆ ಹೋದರೂ ಹೊಟ್ಟೆ ಉರಿಯುತ್ತದೆ.

ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಒಂದು ಮದುವೆ ಅಂದರೆ 1 ಟಿಬಿ ಹತ್ತಿರ ಫೂಟೇಜ್. ಎಲ್ಲಾ ಒಂದು ನ್ಯಾಸ್ ಡಬ್ಬಿಯಲ್ಲಿ (ನೆಟ್‌ವರ್ಕಿಗೆ ಸಿಕ್ಕಿಸಿದ, ಡಿಸ್ಕುಗಳಿರುವ ಸ್ಟೋರೇಜ್ ಪೆಟ್ಟಿಗೆ) ಇರುತ್ತದೆ. ಅದರಿಂದ ಕಂಪ್ಯೂಟರಿಗೆ ಬೇಗ ಬರಬೇಕು. ಕಂಟ್ರಾಕ್ಟರ್ ಎಲ್ಲಾ ಕಡೆ ಕ್ಯಾಟ್ 6 ಅನ್ನೋ ತಾಮ್ರದ ಕೇಬಲ್ ಸಾಕು ಅನ್ನುತ್ತಾರೆ. ಬೆಂಗಳೂರಲ್ಲಿರುವ ಚಿಕ್ಕಪ್ಪನ ಮಗ ತಾಮ್ರದ ಕಾಲ ಮುಗಿಯಿತು, ರೂಮು ರೂಮಿಗೂ ಫೈಬರ್, ಅಂದರೆ ಗಾಜಿನ ಎಳೆಯ ಕೇಬಲ್, ಹಾಕಿಸು ಅನ್ನುತ್ತಾನೆ. ಯಾರ ಮಾತು ಕೇಳಲಿ?

ಕರಿಮೆಣಸು_ಬಳ್ಳಿ:

ಮನೆಗೆ ಬರೋ ಇಂಟರ್ನೆಟ್ ಎಷ್ಟು?

ಸುಂಟಿಕೊಪ್ಪ_ತೋಟ:

300 ಎಂಬಿಪಿಎಸ್ ಪ್ಲಾನ್. ಮಳೆ ಇಲ್ಲದ ದಿನ ಅಷ್ಟೂ ಬರುತ್ತದೆ.

ಕರಿಮೆಣಸು_ಬಳ್ಳಿ:

ಹಾಗಾದರೆ ಮನೆ ಒಳಗೆ 10 ಗಿಗಾಬಿಟ್ (ಸೆಕೆಂಡಿಗೆ 10,000 ಮೆಗಾಬಿಟ್) ವೇಗದ ಲೈನ್ ಹಾಕಿದರೂ ಯೂಟ್ಯೂಬ್ ಅಪ್‌ಲೋಡ್ ಒಂದು ನಿಮಿಷವೂ ಬೇಗ ಆಗಲ್ಲ. ಎಷ್ಟು ದಪ್ಪದ ಪೈಪ್ ಹಾಕಿದರೂ ಬಾವಿಯಲ್ಲಿರುವ ನೀರು ಅಷ್ಟೇ. ಸುಮ್ನೆ ದುಡ್ಡು ಹಾಕಬೇಡಿ.

ಬೆಂಗಳೂರಿಂದ_ಊರಿಗೆ:

ಇಂಟರ್ನೆಟ್ ಮಟ್ಟಿಗೆ ಆ ಮಾತು ನಿಜ. ಆದರೆ ಇವರ ಕೆಲಸ ನ್ಯಾಸ್‌ನಿಂದ ಕಂಪ್ಯೂಟರಿಗೆ. ಅದು ಮನೆ ಒಳಗಿನ ವ್ಯವಹಾರ, ಹೊರಗಿನ ಲೈನಿಗೂ ಅದಕ್ಕೂ ಸಂಬಂಧ ಇಲ್ಲ.

ಲೆಕ್ಕ ಹಾಕಿ ನೋಡಿ. 1 ಗಿಗಾಬಿಟ್ ಕೇಬಲ್ಲಿನಲ್ಲಿ ಫೈಲ್ ಕಾಪಿ ಸೆಕೆಂಡಿಗೆ 115ರಿಂದ 118 ಎಂಬಿ ಬರುತ್ತದೆ. 1 ಟಿಬಿ ಮುಗಿಯಲು ಎರಡೂಕಾಲು ಗಂಟೆ ದಾಟುತ್ತದೆ. 2.5 ಗಿಗಾಬಿಟ್ ಆದರೆ ಒಂದು ಗಂಟೆ ಆಸುಪಾಸು. 10 ಗಿಗಾಬಿಟ್ ಆದರೆ ಕಾಲು ಗಂಟೆ. ಆದರೆ ಈ ಕಾಲು ಗಂಟೆಯ ಮಾತು ಎರಡೂ ಕಡೆ ಎಸ್‌ಎಸ್‌ಡಿ ಇದ್ದರೆ ಮಾತ್ರ, ಅದೂ ಎನ್‌ವಿಎಂಇ ಅನ್ನೋ ವೇಗದ ನಮೂನೆ ಆಗಿರಬೇಕು. ತಿರುಗುವ ಹಾರ್ಡ್ ಡಿಸ್ಕ್ ಒಂದೇ ಇದ್ದರೆ ಅದು ಸೆಕೆಂಡಿಗೆ 200 ಎಂಬಿ ಕೊಟ್ಟರೆ ದೊಡ್ಡದು. ಆಗ 10 ಗಿಗಾಬಿಟ್ ಸ್ವಿಚ್ (ನೆಟ್‌ವರ್ಕ್ ಕೇಬಲ್ಲುಗಳನ್ನು ಜೋಡಿಸುವ ಡಬ್ಬಿ) ತಂದರೂ ಪ್ರಯೋಜನ ಇಲ್ಲ, 2.5 ಸಾಕು. ನಿಮ್ಮ ನ್ಯಾಸ್‌ನಲ್ಲಿ ಏನಿದೆ?

ಇನ್ನು ಫೈಬರ್ ಅಂದರೆ ಫಾಸ್ಟ್ ಅನ್ನೋ ನಂಬಿಕೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ತಾಮ್ರದ ಜೋಡಿ ತಂತಿಯಲ್ಲಿ ಸಿಗ್ನಲ್ಲೂ ಹೆಚ್ಚು ಕಮ್ಮಿ ಅದೇ ವೇಗದಲ್ಲಿ ಹೋಗುತ್ತದೆ. ಮನೆಯೊಳಗಿನ 20 ಮೀಟರಿಗೆ ವ್ಯತ್ಯಾಸ ಹುಡುಕಿದರೂ ಸಿಗಲ್ಲ. ಫೈಬರಿನ ಹೆಚ್ಚುಗಾರಿಕೆ ಇರೋದು ದೂರದಲ್ಲಿ. ಕ್ಯಾಟ್ 5ಇ ಕೇಬಲ್ಲಿನಲ್ಲಿ 1 ಗಿಗಾಬಿಟ್ 100 ಮೀಟರ್ ಹೋಗುತ್ತದೆ. 2016ರಲ್ಲಿ ಬಂದ ಸ್ಟ್ಯಾಂಡರ್ಡ್ ಪ್ರಕಾರ ಅದೇ ಹಳೇ ಕೇಬಲ್ಲಿನಲ್ಲಿ 2.5 ಗಿಗಾಬಿಟ್ಟೂ 100 ಮೀಟರ್ ಹೋಗುತ್ತದೆ. 10 ಗಿಗಾಬಿಟ್ ಕ್ಯಾಟ್ 6ರಲ್ಲಿ 55 ಮೀಟರ್ ತನಕ, ಕ್ಯಾಟ್ 6ಎ ಆದರೆ 100 ಮೀಟರ್. ಸಿಂಗಲ್ ಮೋಡ್ ಫೈಬರಿನಲ್ಲಿ ಸಾಮಾನ್ಯ 10 ಗಿಗಾಬಿಟ್ ಮಾಡ್ಯೂಲ್ (ತುದಿಯಲ್ಲಿ ಸಿಕ್ಕಿಸುವ, ಬೆಳಕು ಕಳಿಸುವ ತುಂಡು) 10 ಕಿಲೋಮೀಟರ್ ಹೋಗುತ್ತದೆ. ನಿಮ್ಮ ಮನೆ ಎಷ್ಟು ದೊಡ್ಡದಾದರೂ ಒಳಗೆ 55 ಮೀಟರ್ ದಾಟಲ್ಲ ಅಲ್ವಾ? ಒಳಗೆ ಒಳ್ಳೇ ಕ್ಯಾಟ್ 6 ಹಾಕಿಸಿ. ಗೋದಾಮು 160 ಮೀಟರ್. ಅಲ್ಲಿಗೆ ತಾಮ್ರದ ಮಾತೇ ಬೇಡ.

ಸುಂಟಿಕೊಪ್ಪ_ತೋಟ:

ನ್ಯಾಸ್‌ನಲ್ಲಿ ನಾಲ್ಕು ಹಾರ್ಡ್ ಡಿಸ್ಕ್, ಜೊತೆಗೆ ಎರಡು ಎನ್‌ವಿಎಂಇ. ಈಗ ನಡೆಯುತ್ತಿರುವ ಪ್ರಾಜೆಕ್ಟ್ ಎನ್‌ವಿಎಂಇನಲ್ಲಿ ಇಟ್ಟುಕೊಳ್ಳುತ್ತೇನೆ.

ಬೆಂಗಳೂರಿಂದ_ಊರಿಗೆ:

ಹಾಗಾದರೆ 10 ಗಿಗಾಬಿಟ್ ಹಾಕಿದರೆ ಉಪಯೋಗ ಇದೆ. ಆದರೆ ನ್ಯಾಸ್ ಮತ್ತು ಕಂಪ್ಯೂಟರ್ ಒಂದೇ ರೂಮಿನಲ್ಲಿದ್ದರೆ ಗೋಡೆ ಕೇಬಲ್ಲೇ ಬೇಡ. ಎಸ್‌ಎಫ್‌ಪಿ ಪ್ಲಸ್ ಪೋರ್ಟ್ (ಮಾಡ್ಯೂಲ್ ಕೂರಿಸುವ 10 ಗಿಗಾಬಿಟ್ ಕಿಂಡಿ) ಇರುವ ಎರಡು ನೆಟ್‌ವರ್ಕ್ ಕಾರ್ಡ್, ನಡುವೆ ಒಂದು ಡ್ಯಾಕ್ ಕೇಬಲ್. ಅದೂ ತಾಮ್ರವೇ, ಎರಡೂ ತುದಿಯಲ್ಲಿ ಮಾಡ್ಯೂಲ್ ಅಂಟಿಕೊಂಡೇ ಬರುತ್ತದೆ. 3 ಮೀಟರಿನದು ತಂದರೆ ಮುಗಿಯಿತು.

ಬೇರೆ ಬೇರೆ ರೂಮಾದರೆ ಸ್ವಲ್ಪ ಯೋಚನೆ ಮಾಡಿ. ಎಸ್‌ಎಫ್‌ಪಿ ಪ್ಲಸ್ ಪೋರ್ಟಿಗೆ ಆರ್‌ಜೆ45 (ತಾಮ್ರದ ನೆಟ್‌ವರ್ಕ್ ಕೇಬಲ್ಲಿನ ಪ್ಲಗ್) ಮಾಡ್ಯೂಲ್ ಹಾಕಿದರೆ ಬೆರಳು ಇಡಲಾಗದಷ್ಟು ಬಿಸಿಯಾಗುತ್ತದೆ. ಎರಡು ಎರಡೂವರೆ ವ್ಯಾಟ್ ತಿನ್ನುತ್ತದೆ, ಸಾಮಾನ್ಯವಾಗಿ 30 ಮೀಟರಿಗೇ ಗ್ಯಾರಂಟಿ. ಫೈಬರ್ ಮಾಡ್ಯೂಲ್ 1 ವ್ಯಾಟಿನ ಆಸುಪಾಸಿನಲ್ಲೇ ಮುಗಿಸುತ್ತದೆ. ಆ ಎರಡು ರೂಮಿನ ನಡುವೆ ಮಾತ್ರ ಕ್ಯಾಟ್ 6 ಜೊತೆ ಒಂದು ಫೈಬರ್ರೂ ಎಳೆಸಿ. ಉಳಿದ ರೂಮಿಗೆ ಬೇಡ. ಟಿವಿಗೆ ಫೈಬರ್ ಪೋರ್ಟ್ ಎಲ್ಲಿಂದ ಬರಬೇಕು? ವೈಫೈ ಆಕ್ಸೆಸ್ ಪಾಯಿಂಟಿಗೆ ಡೇಟಾ ಜೊತೆ ಕರೆಂಟೂ ಬೇಕು, ಗಾಜಿನಲ್ಲಿ ಕರೆಂಟ್ ಹೋಗಲ್ಲ.

ವೈರಿಂಗ್_ಕುಶಾಲನಗರ:

ನಾನು ಈ ಕೆಲಸವೇ ಮಾಡೋನು. ಒಂದೆರಡು ಮಾತು.

ಕೇಬಲ್ ಬಾಕ್ಸ್ ತೆಗೆದುಕೊಳ್ಳುವಾಗ ಸಿಸಿಎ ಬೇಡ ಅಂತ ಬಾಯಿಬಿಟ್ಟು ಹೇಳಿ. ಸಿಸಿಎ ಅಂದರೆ ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ಲೇಪ. ಬಾಕ್ಸ್ ಮೇಲೆ ಕ್ಯಾಟ್ 6 ಅಂತಲೇ ಇರುತ್ತದೆ. ಎತ್ತಿ ನೋಡಿದರೆ ಹಗುರ. ತಂತಿಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಎರಡು ಸಲ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಪಿಒಇ ಕ್ಯಾಮೆರಾ (ಡೇಟಾ ಕೇಬಲ್ಲಿನಲ್ಲೇ ಕರೆಂಟ್ ಪಡೆಯುವುದು) ಹಾಕಿದರೆ ಬಿಸಿಯಾಗುತ್ತದೆ, ದೂರದ ತುದಿಗೆ ವೋಲ್ಟೇಜ್ ಮುಟ್ಟಲ್ಲ. ಅರ್ಧ ರೇಟು ಅಂತ ತಂದವರು ಆಮೇಲೆ ನನ್ನನ್ನೇ ಕರೆಯುತ್ತಾರೆ.

ಕ್ಯಾಟ್ 6ಎ ದಪ್ಪ, ಗಡಸು. ಹಳೇ ಮನೆಯ ತಿರುವುಗಳಲ್ಲಿ ಎಳೆಯೋದು ಕಷ್ಟ. ನಿಮ್ಮ ಅಳತೆಗೆ ಕ್ಯಾಟ್ 6 ಸಾಕು. ಕರೆಂಟ್ ಪೈಪಿನೊಳಗೇ ನೆಟ್‌ವರ್ಕ್ ತಂತಿ ತೂರಿಸೋಕೆ ಬಿಡಬೇಡಿ. ಮೇಸ್ತ್ರಿಗಳು ತೂರಿಸಿಬಿಡುತ್ತಾರೆ. ಬೇರೆ ಪೈಪ್, ಗೋಡೆಯಲ್ಲಿ ಒಂದಡಿ ಅಂತರ. ಪೈಪ್ 25 ಎಂಎಂ ಹಾಕಿಸಿ. ಕೇಬಲ್ ನಾಳೆ ಬದಲಾಗಬಹುದು, ಪೈಪ್ ಬದಲಾಗಲ್ಲ.

ಗೋಣಿಕೊಪ್ಪ_ಹೋಂಸ್ಟೇ:

ನಾನು ಟೆಕ್ನಿಕಲ್ ಅಲ್ಲ, ಆದರೂ ಹೇಳಲೇಬೇಕು. ನಮ್ಮದೂ ದೊಡ್ಡ ಮನೆಯಿಂದ ಕಾಟೇಜಿಗೆ 60 ಮೀಟರ್. ಹಾಕಿಸಿದಾಗ ಎಲ್ಲರೂ 100 ಮೀಟರ್ ತನಕ ಸರಿ ಅಂದರು, ಕ್ಯಾಟ್ 6 ಎಳೆಸಿದೆವು. ಚೆನ್ನಾಗೇ ನಡೆಯುತ್ತಿತ್ತು. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಸಮಯದಲ್ಲಿ ಒಂದು ಸಂಜೆ ಸಿಡಿಲು. ನಮ್ಮ ಮೇಲೆ ಬಿದ್ದಿದ್ದಲ್ಲ, ಪಕ್ಕದ ತೋಟದ ಸಿಲ್ವರ್ ಓಕಿಗೆ. ಕಾಟೇಜಿನ ವೈಫೈ ಡಬ್ಬಿ, ಮನೆಯ ಸ್ವಿಚ್, ಅದಕ್ಕೆ ಸಿಕ್ಕಿಸಿದ್ದ ಟಿವಿ, ನನ್ನ ಪ್ರಿಂಟರ್, ಎಲ್ಲಾ ಹೋಯಿತು. ಸ್ವಿಚ್ಚಿನ ಒಂದು ಪೋರ್ಟ್ ಕರಗಿ ಕಪ್ಪಾಗಿತ್ತು. ಅದೇ ಕಾಟೇಜಿಗೆ ಹೋಗುತ್ತಿದ್ದ ಕೇಬಲ್ಲಿನ ಪೋರ್ಟ್. ಆ ದಿನ ಕರೆಂಟ್ ಮೊದಲೇ ಹೋಗಿತ್ತು. ಮೈನ್ ಆಫ್ ಇದ್ದರೂ ಹೇಗೆ ಸುಟ್ಟಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಬೆಂಗಳೂರಿಂದ_ಊರಿಗೆ:

ಅಕ್ಕಾ, ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ನೀವು ಹೇಳಿದ್ದು. ವೇಗದ ಮಾತೆಲ್ಲಾ ಆಮೇಲೆ.

ಮೈನ್ ಆಫ್ ಇದ್ದರೂ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿಯೇ ಇತ್ತಲ್ಲ. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಎರಡು ಕೆಲಸ ಆಗುತ್ತದೆ. ಒಂದು, ಉದ್ದ ತಂತಿಯಲ್ಲಿ ತಾನಾಗಿ ವೋಲ್ಟೇಜ್ ಹುಟ್ಟುತ್ತದೆ. ತಂತಿಗೆ ಸಿಡಿಲು ಮುಟ್ಟಲೇಬೇಕು ಅಂತಿಲ್ಲ. ಎರಡು, ಮರದ ಬುಡದಿಂದ ಕರೆಂಟ್ ನೆಲದಲ್ಲಿ ಹರಡುತ್ತದೆ. ಆ ಕ್ಷಣಕ್ಕೆ ಮನೆಯ ಅರ್ಥಿಂಗಿಗೂ ಕಾಟೇಜಿನ ಅರ್ಥಿಂಗಿಗೂ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಎರಡನ್ನೂ ಜೋಡಿಸಿರೋದು ನಿಮ್ಮ ಕ್ಯಾಟ್ 6. ಕರೆಂಟ್ ಅದೇ ದಾರಿ ಹಿಡಿಯುತ್ತದೆ. ಈಥರ್ನೆಟ್ ಪೋರ್ಟಿನೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅದು ತಡೆಯಬೇಕಾಗಿರೋದು 1,500 ವೋಲ್ಟ್. ಸಿಡಿಲಿಗೆ ಅದು ಯಾವ ಲೆಕ್ಕ?

ಫೈಬರ್ ಗಾಜು. ಕರೆಂಟ್ ಹೋಗೋಕೆ ದಾರಿಯೇ ಇಲ್ಲ. ಅದಕ್ಕೇ ನನ್ನ ಮಾತು ಇಷ್ಟೇ: ಒಂದೇ ಸೂರಿನ ಕೆಳಗೆ ತಾಮ್ರ, ಸೂರು ಬಿಟ್ಟು ಹೊರಗೆ ಹೋದರೆ ಫೈಬರ್. 70 ಮೀಟರ್ ತಾಮ್ರಕ್ಕೆ ಆಗುವ ದೂರವೇ ಆದರೂ ಕಾಟೇಜಿಗೂ ಫೈಬರ್ರೇ ಹಾಕಿಸಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಗುಡುಗು ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾ.

ವೈರಿಂಗ್_ಕುಶಾಲನಗರ:

ಸರ್ ಹೇಳಿದ್ದು ಸರಿ, ಆದರೆ ಅರ್ಧ. ಅಂಗಡಿಯಲ್ಲಿ ಫೈಬರ್ ಕೊಡಿ ಅಂದರೆ ಚಪ್ಪಟೆ ಕಪ್ಪು ಡ್ರಾಪ್ ಕೇಬಲ್ ಕೊಡುತ್ತಾರೆ. ಅದರ ಪಕ್ಕದಲ್ಲಿ ಒಂದು ಸ್ಟೀಲ್ ತಂತಿ ಇರುತ್ತದೆ, ಕಂಬದಿಂದ ಕಂಬಕ್ಕೆ ಬಿಗಿಯೋಕೆ. ಗಾಜಿನಲ್ಲಿ ಕರೆಂಟ್ ಹೋಗಲ್ಲ, ಆ ಸ್ಟೀಲಿನಲ್ಲಿ ಹೋಗುತ್ತದೆ! ಇಲಿ ಕಡಿಯಬಾರದು ಅಂತ ಆರ್ಮರ್ಡ್ ಕೇಬಲ್ ತಂದರೂ ಅದೇ ಕತೆ, ಸುತ್ತ ಸ್ಟೀಲ್ ಹೊದಿಕೆ. ಕೆಲವರು ಆ ತಂತಿಯನ್ನು ನೇರ ಮನೆಯೊಳಗೆ ತಂದು ಸ್ವಿಚ್ ರ‍್ಯಾಕಿಗೆ ಕಟ್ಟಿರುತ್ತಾರೆ. ಆಮೇಲೆ ಫೈಬರ್ ಹಾಕಿದರೂ ಸಿಡಿಲು ಹೊಡೆಯಿತು ಅಂತ ಬೈಯುತ್ತಾರೆ.

ಎಫ್‌ಆರ್‌ಪಿ (ಗಾಜಿನ ನಾರಿನ ಪ್ಲಾಸ್ಟಿಕ್) ಕಡ್ಡಿ ಇರುವ, ಲೋಹವೇ ಇಲ್ಲದ ಕೇಬಲ್ ಕೇಳಿ. ಇಲಿ ಭಯ ಇದ್ದರೆ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿ, ಎರಡೂ ಬಾಯಿ ಮುಚ್ಚಿ. ಸ್ಟೀಲ್ ಇರೋದೇ ಸಿಕ್ಕಿದರೆ ಗೋಡೆಯ ಹೊರಗೇ ಆ ತಂತಿ ಕತ್ತರಿಸಿ, ಗಾಜಿನ ಎಳೆ ಮಾತ್ರ ಒಳಗೆ ಬರಲಿ.

ಕರಿಮೆಣಸು_ಬಳ್ಳಿ:

ಫೈಬರ್ ಹಾಕಿದರೂ ಸ್ವಿಚ್ಚಿಗೆ ಕರೆಂಟ್ ಲೈನಿಂದ ಸಿಡಿಲು ಬರಬಹುದು ಅಲ್ವಾ?

ವೈರಿಂಗ್_ಕುಶಾಲನಗರ:

ಬರುತ್ತದೆ. ಫೈಬರ್ ಹಾಕಿದ್ದೇವೆ ಅಂತ ಅರ್ಥಿಂಗ್ ಮರೆಯೋಕಾಗಲ್ಲ. ಮೈನ್ ಬೋರ್ಡಿನಲ್ಲಿ ಎಸ್‌ಪಿಡಿ (ಹಠಾತ್ ಏರುವ ವೋಲ್ಟೇಜ್ ತಡೆಯುವ ಸಾಧನ) ಹಾಕಿಸಿ. ವೈರಿಂಗ್ ಹೊಸದಾಗಿ ಮಾಡಿಸುವಾಗ ಅದೇನೂ ದೊಡ್ಡ ಖರ್ಚಲ್ಲ.

ರೊಬಸ್ಟಾ_ರಾಯ:

ಎಲ್ಲರೂ ಸಿಡಿಲು ಸಿಡಿಲು ಅಂತಿದ್ದೀರಿ. ಸಿಡಿಲು ವರ್ಷಕ್ಕೆ ಎರಡು ತಿಂಗಳು. ಕರೆಂಟ್ ಹೋಗೋದು ವರ್ಷವಿಡೀ. ಕಕ್ಕಡದಲ್ಲಿ (ಜುಲೈ-ಆಗಸ್ಟ್ ಮಳೆಗಾಲ) ಮರ ಬಿದ್ದರೆ ಮೂರು ದಿನ ಕರೆಂಟ್ ಇರಲ್ಲ.

ನನ್ನ ತೋಟದಲ್ಲಿ ತಾಮ್ರವೇ. ಮನೆಯಲ್ಲಿ ಒಂದು ಇನ್ವರ್ಟರ್, ಒಂದು ಪಿಒಇ ಸ್ವಿಚ್. ಅದೇ ಕೇಬಲ್ಲಿನಲ್ಲಿ ಡೇಟಾ, ಅದೇ ಕೇಬಲ್ಲಿನಲ್ಲಿ ಕರೆಂಟ್. ಕಣದ ಕ್ಯಾಮೆರಾ ಮಳೆಗಾಲ ಪೂರ್ತಿ ನಡೆಯಿತು. ಫೈಬರ್ ಹಾಕಿದ್ದರೆ ಆ ತುದಿಯಲ್ಲಿ ಮೀಡಿಯಾ ಕನ್ವರ್ಟರಿಗೆ (ಫೈಬರಿನ ಬೆಳಕನ್ನು ತಾಮ್ರದ ಸಿಗ್ನಲ್ ಮಾಡುವ ಡಬ್ಬಿ) ಒಂದು ಪ್ಲಗ್, ಸ್ವಿಚ್ಚಿಗೆ ಇನ್ನೊಂದು ಪ್ಲಗ್, ಅದಕ್ಕೆಲ್ಲಾ ಇನ್ನೊಂದು ಬ್ಯಾಟರಿ. ಕಳ್ಳ ಬರೋದು ಕರೆಂಟ್ ಹೋದಾಗಲೇ ಸ್ವಾಮಿ.

ಗೋಣಿಕೊಪ್ಪ_ಹೋಂಸ್ಟೇ:

ಇದೂ ಸರಿ ಅನ್ನಿಸುತ್ತಿದೆ ನನಗೆ.

ಬೆಂಗಳೂರಿಂದ_ಊರಿಗೆ:

ರಾಯರೇ, ನಿಮ್ಮ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಫೈಬರಿನ ದೊಡ್ಡ ತೊಂದರೆ ಅದೇ. ಒಂದು ಪ್ರಶ್ನೆ, ನಿಮ್ಮ ಕಣ ಮನೆಗೆ ಎಷ್ಟು ದೂರ?

ರೊಬಸ್ಟಾ_ರಾಯ:

40 ಮೀಟರ್ ಇರಬಹುದು.

ಬೆಂಗಳೂರಿಂದ_ಊರಿಗೆ:

ಇವರದು 160. ತಾಮ್ರ ಹಾಕಬೇಕಾದರೆ ನಡುವೆ ತೋಟದಲ್ಲಿ ಒಂದು ಪೆಟ್ಟಿಗೆ ಇಟ್ಟು ಅದರಲ್ಲಿ ಸ್ವಿಚ್ ಕೂರಿಸಬೇಕು. ಮಳೆಗಾಲದಲ್ಲಿ ಆ ಪೆಟ್ಟಿಗೆ ಒಳಗಿನ ಆರ್‌ಜೆ45 ಪಿನ್ನುಗಳು ಹಸಿರುಗಟ್ಟಿ ಕೂರುತ್ತವೆ. ಇರುವೆ, ಹಲ್ಲಿ ಬೇರೆ.

ಬ್ಯಾಟರಿ ಸಮಸ್ಯೆಗೆ ದಾರಿ ಇದೆ. ರೌಟರ್‌ಗೆ ಹಾಕುವ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಕನ್ವರ್ಟರ್ ಕೆಲವು 5 ವೋಲ್ಟಿನದು ಇರುತ್ತದೆ, ನೋಡಿಕೊಂಡು ಸಿಕ್ಕಿಸಿ. ಆದರೆ ಆ ಯುಪಿಎಸ್ ಕೆಲವು ಗಂಟೆ ಮಾತ್ರ. ಮೂರು ದಿನಕ್ಕೆ ಬೇಕಾದರೆ ಗೋದಾಮಿನ ಮೇಲೆ ಒಂದು ಸಣ್ಣ ಸೋಲಾರ್ ಪ್ಯಾನಲ್, ಕೆಳಗೆ ಸರಿಯಾದ ಬ್ಯಾಟರಿ. ಮಳೆಗಾಲದಲ್ಲಿ ಬಿಸಿಲು ಕಮ್ಮಿ, ಹಾಗಾಗಿ ಬ್ಯಾಟರಿ ದೊಡ್ಡದೇ ಇರಲಿ. ಕ್ಯಾಮೆರಾದಲ್ಲೇ ಮೆಮೊರಿ ಕಾರ್ಡ್ ಹಾಕಿಡಿ. ಮನೆಯಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ರೆಕಾರ್ಡಿಂಗ್ ನಡೆಯುತ್ತದೆ.

ಮಂಜಿನೂರು:

ಕೇಬಲ್ಲೇ ಬೇಡ, 5 ಗಿಗಾಹರ್ಟ್ಜ್ ವೈರ್‌ಲೆಸ್ ಬ್ರಿಡ್ಜ್ ಹಾಕಿ. ಎರಡು ಆಂಟೆನಾ, ಅರ್ಧ ದಿನದ ಕೆಲಸ.

ವೈರಿಂಗ್_ಕುಶಾಲನಗರ:

ಆಂಟೆನಾ ಒಂದಕ್ಕೊಂದು ನೇರ ಕಾಣಬೇಕು. ಕಾಫಿ ತೋಟದಲ್ಲಿ ಹಾಲವಾಣ, ಸಿಲ್ವರ್ ಓಕ್, ಅದರ ಮೇಲೆ ಮೆಣಸಿನ ಬಳ್ಳಿ. ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಆದ ವಾರ ಚೆನ್ನಾಗಿ ಓಡುತ್ತದೆ. ಎಲೆ ಚಿಗುರಿ ಅದರ ಮೇಲೆ ಮಳೆ ನೀರು ನಿಂತರೆ ಮುಗಿಯಿತು.

ಹಳೇ_ಪ್ಲಾಂಟರ್:

ಕೇಬಲ್ ಯಾವುದಾದರೂ ಹಾಕಿ ಮಗಾ, ಎಲ್ಲಿ ಹೂಳುತ್ತೀಯ ಅನ್ನೋದು ನೋಡು. ಮೇಲೆ ಎಳೆದರೆ ಮರಗಸಿ ಮಾಡುವವರು ಕೊಂಬೆ ಜೊತೆ ಕೇಬಲ್ಲನ್ನೂ ಇಳಿಸುತ್ತಾರೆ. ಅವರನ್ನು ಬೈದು ಫಲ ಇಲ್ಲ, ಮೇಲೆ ಕೂತವನಿಗೆ ಕಪ್ಪು ತಂತಿ ಕಾಣಲ್ಲ. ಕೆಳಗೆ ಹೂತರೆ ತೊಟ್ಟಿಲು ಗುಂಡಿ (ಮಳೆ ನೀರು ಇಂಗಿಸುವ ಗುಂಡಿ) ತೋಡುವಾಗ ಗುದ್ದಲಿ ಏಟು. ನಮ್ಮಲ್ಲಿ ನೀರಿನ ಪೈಪು ಎಷ್ಟು ಸಲ ಒಡೆದಿದೆ ಅಂತ ಕೇಳಬೇಡ. ಹಂದಿ ಬೇರೆ ಅಗೆಯುತ್ತದೆ.

ಸಾಲಿನ ನಡುವೆ ಹೋಗಬೇಡ. ತೋಟದ ರಸ್ತೆ ಅಂಚಿನಲ್ಲೇ ಹೋಗು. ಸುತ್ತು ಬಳಸು ಆದರೂ ಅಲ್ಲಿ ಯಾರೂ ಗುಂಡಿ ತೋಡಲ್ಲ. ಎರಡಡಿ ಆಳ. ಮಣ್ಣು ಅರ್ಧ ಮುಚ್ಚಿದ ಮೇಲೆ ಹಳದಿ ಎಚ್ಚರಿಕೆ ಟೇಪ್ ಹಾಸು. ಗುದ್ದಲಿಗೆ ಮೊದಲು ಅದು ಸಿಗಲಿ. ತಿರುವಿನಲ್ಲಿ ಕಲ್ಲು ನೆಡು. ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಸಾಲದು, ತೋಟದ ಲೆಕ್ಕ ನೋಡುವ ರೈಟರಿಗೂ ಗೊತ್ತಿರಬೇಕು.

ಸುಂಟಿಕೊಪ್ಪ_ತೋಟ:

ಅಂಕಲ್, ರಸ್ತೆ ಅಂಚಿನಲ್ಲಿ ಹೋದರೆ 160 ಮೀಟರ್ 210 ಆಗುತ್ತದೆ. ಫೈಬರಿಗೆ ತೊಂದರೆ ಇಲ್ಲ ಅಂತ ಈಗ ಗೊತ್ತಾಯಿತು.

ಇನ್ನೊಂದು ಪ್ರಶ್ನೆ ಎಲ್ಲರಿಗೂ. ಸಿಂಗಲ್ ಮೋಡಾ, ಮಲ್ಟಿ ಮೋಡಾ? ಅಂಗಡಿಯಲ್ಲಿ ಹಳದಿ ತೋರಿಸಿದರು, ನೀಲಿ ಹಸಿರು ಮಿಕ್ಸ್ ಬಣ್ಣದ್ದೂ ತೋರಿಸಿದರು. ತುದಿಯಲ್ಲಿ ಕೆಲವಕ್ಕೆ ಹಸಿರು ಪ್ಲಗ್, ಕೆಲವಕ್ಕೆ ನೀಲಿ. ತಲೆ ಕೆಟ್ಟು ಹೋಯಿತು.

ಬೆಂಗಳೂರಿಂದ_ಊರಿಗೆ:

ಹಳದಿ ಸಿಂಗಲ್ ಮೋಡ್. ಒಳಗೆ ಬೆಳಕು ಹೋಗುವ ದಾರಿ 9 ಮೈಕ್ರಾನ್ ಅಷ್ಟೇ. ಇನ್ನೊಂದು ಮಲ್ಟಿ ಮೋಡ್, ಒಎಂ3 ಅಥವಾ ಒಎಂ4, 50 ಮೈಕ್ರಾನ್. ಒಎಂ3ರಲ್ಲಿ 10 ಗಿಗಾಬಿಟ್ 300 ಮೀಟರ್ ಹೋಗುತ್ತದೆ, ನಿಮಗೆ ಸಾಲುತ್ತದೆ. ಆದರೂ ಹಳದಿ ತಗೊಳ್ಳಿ. ನೆಲದಲ್ಲಿ ಹೂಳುವುದು ಮತ್ತೆ ಮತ್ತೆ ಆಗುವ ಕೆಲಸ ಅಲ್ಲ. ಸಿಂಗಲ್ ಮೋಡ್ ಆದರೆ ಮುಂದೆ ತುದಿಯ ಮಾಡ್ಯೂಲ್ ಮಾತ್ರ ಬದಲಾಯಿಸಿ ವೇಗ ಏರಿಸಬಹುದು. ಮನೆಗೆ ಇಂಟರ್ನೆಟ್ ತರುವವರ ಹತ್ತಿರ ಇರುವುದೂ ಅದೇ, ಹಾಗಾಗಿ ತುಂಡಾದರೆ ಬೆಸೆಯುವ ಹುಡುಗರು ಊರಲ್ಲೇ ಸಿಗುತ್ತಾರೆ.

ಮಾಡ್ಯೂಲ್ 10 ಕಿಲೋಮೀಟರಿನದು ಸಾಕು. ಜಾಸ್ತಿ ಇರಲಿ ಅಂತ 80 ಕಿಲೋಮೀಟರಿನದು ತರಬೇಡಿ. ಅದರ ಬೆಳಕು ಇಷ್ಟು ಹತ್ತಿರಕ್ಕೆ ಜೋರಾಗಿ ಎದುರಿನ ರಿಸೀವರನ್ನೇ ಕೆಡಿಸಬಹುದು. ಒಂದೇ ಎಳೆಯಲ್ಲಿ ಹೋಗಿಬರುವ ಕನ್ವರ್ಟರ್ ತಂದರೆ ಎ ಒಂದು, ಬಿ ಒಂದು ಇರಬೇಕು. ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ. ಎರಡೂ ಎ ತಂದರೆ ಲೈಟೇ ಹತ್ತಲ್ಲ.

ಹಸಿರು ಪ್ಲಗ್ಗಿನ ತುದಿ ಓರೆಯಾಗಿ ಉಜ್ಜಿರುತ್ತದೆ. ನೀಲಿಯದು ಹಾಗಲ್ಲ. ಹಸಿರಿಗೆ ಹಸಿರೇ, ನೀಲಿಗೆ ನೀಲಿಯೇ. ಇಂಟರ್ನೆಟ್ ಡಬ್ಬಿಗೆ ಸಾಮಾನ್ಯವಾಗಿ ಹಸಿರು ಬರುತ್ತದೆ, ಕನ್ವರ್ಟರಿಗೆ ನೀಲಿ. ಒಂದರೊಳಗೆ ಇನ್ನೊಂದು ತುರುಕಿದರೆ ಕೂರುತ್ತದೆ, ಆದರೆ ಬೆಳಕು ಸೋರಿ ಲೈನ್ ನರಳುತ್ತದೆ. ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣಲ್ಲ, ಆದರೂ ಇರುತ್ತದೆ.

ವೈರಿಂಗ್_ಕುಶಾಲನಗರ:

ಒತ್ತಿ ಕೂರಿಸುವ ಫಾಸ್ಟ್ ಕನೆಕ್ಟರ್ ಬೇಡ ಅನ್ನಿ. ಮೊದಲ ದಿನ ಚೆನ್ನಾಗಿರುತ್ತದೆ, ನಮ್ಮ ತೇವಕ್ಕೆ ಆಮೇಲೆ ಕೈ ಕೊಡುತ್ತದೆ. ಪಿಗ್‌ಟೇಲ್ (ಪ್ಲಗ್ ಕೂರಿಸಿಯೇ ಬರುವ ಫೈಬರ್ ತುಂಡು) ಇಟ್ಟು ಸ್ಪ್ಲೈಸಿಂಗ್ ಮಷಿನ್ನಿನಲ್ಲಿ ಬೆಸೆಸಿ.

ಬಗ್ಗಿಸೋದು ನೋಡಿಕೊಳ್ಳಿ. ಮೊನ್ನೆ ಒಂದು ಮನೆಯಲ್ಲಿ ನೆಟ್ ಹೋಗಿ ಬಂದು ಮಾಡುತ್ತಿತ್ತು. ಕೆಂಪು ಲೈಟಿನ ಪೆನ್ ಹಾಕಿ ನೋಡಿದೆ. ಕಿಟಕಿ ಮೂಲೆಯಲ್ಲಿ ಕ್ಲಿಪ್ ಬಿಗಿಯಾಗಿ ಹೊಡೆದಿದ್ದರು, ಅಲ್ಲಿ ಕೇಬಲ್ ಒಳಗಿಂದ ಕೆಂಡದ ಹಾಗೆ ಕೆಂಪಗೆ ಕಾಣುತ್ತಿತ್ತು. ಕ್ಲಿಪ್ ಕಿತ್ತೆ, ಸರಿಹೋಯಿತು. ಮನೆಯೊಳಗಿನ ಕೇಬಲ್ ಜಿ.657.ಎ2 ಅಂತ ಬರೆದಿರೋದು ಕೇಳಿ, 7.5 ಎಂಎಂ ತ್ರಿಜ್ಯದ ತಿರುವು ತಡೆಯುತ್ತದೆ. ಹಳೇ ನಮೂನೆ ಜಿ.652 ಆದರೆ ಅದಕ್ಕೆ 30 ಎಂಎಂ ಬೇಕು.

ಸುಂಟಿಕೊಪ್ಪ_ತೋಟ:

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಮಾಡೋಣ ಅಂತ ಇದ್ದೇನೆ. ಮನೆಯೊಳಗೆ ರೂಮಿಗೆ ಎರಡು ಕ್ಯಾಟ್ 6, ಶುದ್ಧ ತಾಮ್ರದ್ದು. ನ್ಯಾಸ್ ನನ್ನ ಎಡಿಟಿಂಗ್ ರೂಮಿಗೇ ಬರುತ್ತದೆ, ಡ್ಯಾಕ್ ಕೇಬಲ್ ಸಾಕು. ತಮ್ಮನ ರೂಮಿಗೆ ಒಂದು ಫೈಬರ್ ಹೆಚ್ಚುವರಿ. ಕಾಟೇಜಿಗೂ ಗೋದಾಮಿಗೂ ಲೋಹ ಇಲ್ಲದ ಸಿಂಗಲ್ ಮೋಡ್, ರಸ್ತೆ ಅಂಚಿನಲ್ಲಿ ಪೈಪಿನೊಳಗೆ. ಎರಡು ಎಳೆ ಸಾಕಾ?

ಬೆಂಗಳೂರಿಂದ_ಊರಿಗೆ:

ನಾಲ್ಕು ಎಳೆಯದು ತಗೊಳ್ಳಿ. ರೇಟಿನಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಒಂದು ಕೆಟ್ಟರೆ ಇನ್ನೊಂದಕ್ಕೆ ಸಿಕ್ಕಿಸಬಹುದು.

ರೊಬಸ್ಟಾ_ರಾಯ:

ಗೋದಾಮಿನ ಬ್ಯಾಟರಿ ಮರೀಬೇಡಿ. ನಾನು ನನ್ನ 40 ಮೀಟರ್ ತಾಮ್ರ ತೆಗೆಯಲ್ಲ. ಎರಡು ಕಡೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿದ್ದೇನೆ, ನೋಡೋಣ.

ಹಳೇ_ಪ್ಲಾಂಟರ್:

ಈಗ ಅಗೆಯೋಕೆ ಆಳು ಎಲ್ಲಿ ಸಿಗುತ್ತಾರೆ? ಎಲ್ಲರೂ ಕೊಯ್ಲಿನಲ್ಲಿ ಇದ್ದಾರೆ.

ಸುಂಟಿಕೊಪ್ಪ_ತೋಟ:

ರೊಬಸ್ಟಾ ಕೊಯ್ಲು ಮುಗಿದ ಮೇಲೆ ಹಿಡಿಯುತ್ತೇನೆ ಅಂಕಲ್. ಹೂಮಳೆಗೆ ಮೊದಲು ಮಣ್ಣು ಮುಚ್ಚಬೇಕು.

ವೈರಿಂಗ್_ಕುಶಾಲನಗರ:

ಅಗೆಸುವ ಮೊದಲು ಫೋನ್ ಮಾಡಿ, ನಾನು ಬಂದು ದಾರಿ ನೋಡುತ್ತೇನೆ. ಪೈಪ್ 40 ಎಂಎಂ ತಂದಿಡಿ. 50 ಮೀಟರಿಗೊಂದು ಇಟ್ಟಿಗೆ ಚೇಂಬರ್ ಕಟ್ಟಿಸಿ, ಇಲ್ಲದಿದ್ದರೆ 210 ಮೀಟರ್ ಒಂದೇ ಸಲ ಎಳೆಯೋಕಾಗಲ್ಲ. ಕೇಬಲ್ ಎಳೆಯುವಾಗ ಜೊತೆಗೆ ಒಂದು ನೈಲಾನ್ ಹಗ್ಗವನ್ನೂ ಒಳಗೆ ಬಿಡೋಣ, ಮುಂದೆ ಇನ್ನೊಂದು ಎಳೆಯೋಕೆ ಬೇಕಾಗುತ್ತದೆ.